ಮಿಲಿಟರಿ ನರ್ಸಿಂಗ್ ಸರ್ವಿಸ್‌ನಿಂದ ನಿವೃತ್ತರಾದ ಅತ್ತೆಗೆ 80: ಹೆಚ್ಚುವರಿ ಪಿಂಚಣಿ, ತಪ್ಪು ಜನ್ಮದಿನಾಂಕ, ಊರಿನ ಪಹಣಿ

ತೋಟದಾಚೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರತ್ತೆಯ ವಿಷಯ. ವಿವರ ಇಷ್ಟು:

ಹುಟ್ಟಿದ್ದು ಶಿವಮೊಗ್ಗ ಜಿಲ್ಲೆಯ ಅಡಿಕೆ ತೋಟದ ಮನೆಯಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಸರ್ವಿಸ್ ದಾಖಲೆಯಲ್ಲೂ ಜನ್ಮದಿನಾಂಕ 10-06-1946. ಮಿಲಿಟರಿ ನರ್ಸಿಂಗ್ ಸರ್ವಿಸ್ ಸೇರಿದ್ದು 1969ರಲ್ಲಿ, ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತಿ 1997ರಲ್ಲಿ. ಮದುವೆಯಾಗಿಲ್ಲ. ನಿವೃತ್ತಿಯ ನಂತರ ಊರಲ್ಲೇ, ನಮ್ಮ ಮನೆಯಲ್ಲೇ ಇದ್ದಾರೆ. ಆರೋಗ್ಯ ಚೆನ್ನಾಗಿದೆ, ಸುಗ್ಗಿಯಲ್ಲಿ ಈಗಲೂ ಅಡಿಕೆ ಸುಲಿಯಲು ಕೂರುತ್ತಾರೆ.

ತೊಡಕುಗಳು:

1. ಆಧಾರ್‌ನಲ್ಲಿ ಜನ್ಮದಿನಾಂಕ 01-01-1948 ಎಂದಿದೆ. 80ಕ್ಕೆ ಸಿಗುವ ಹೆಚ್ಚುವರಿ ಪಿಂಚಣಿ ಯಾವ ದಿನಾಂಕದ ಲೆಕ್ಕದಲ್ಲಿ ಬರುತ್ತದೆ? ತಾನಾಗಿಯೇ ಬರುತ್ತದೋ, ಅರ್ಜಿ ಹಾಕಬೇಕೋ?

2. ಜೀವನ ಪ್ರಮಾಣಪತ್ರಕ್ಕೆ ಬೆರಳಚ್ಚು ಕೂರುವುದೇ ಇಲ್ಲ.

3. ಸರ್ವಿಸ್‌ನಲ್ಲಿ ಇನಿಷಿಯಲ್ ಮುಂದಿದೆ, ಆಧಾರ್‌ನಲ್ಲಿ ಹಿಂದಿದೆ. ಊರಿನ ಹಳೆಯ ಕಾಗದಗಳಲ್ಲಿ ಹೆಸರಿನ ಕೊನೆಗೆ ‘ಅಮ್ಮ’ ಸೇರಿಕೊಂಡಿದೆ.

4. ಅಜ್ಜ ತೀರಿಕೊಂಡಿದ್ದು 1982ರಲ್ಲಿ, ಉಯಿಲು ಬರೆದಿರಲಿಲ್ಲ. ಅಜ್ಜಿ ಆಮೇಲೆ ಹೋದರು. ಮಕ್ಕಳು ಮೂವರು: ನಮ್ಮ ತಂದೆ, ಈ ಅತ್ತೆ, 1975ರಲ್ಲಿ ಮದುವೆಯಾದ ಚಿಕ್ಕತ್ತೆ. 4 ಎಕರೆ 20 ಗುಂಟೆಯ ಖಾತೆ ಅಂದಿನಿಂದ ತಂದೆಯೊಬ್ಬರ ಹೆಸರಲ್ಲೇ ಇದೆ. ತನ್ನ ಹೆಸರೂ ಪಹಣಿಗೆ ಬರಲಿ ಅನ್ನುವುದು ಅತ್ತೆಯ ಆಸೆ. ತಂದೆಯದೂ ಒಪ್ಪಿಗೆಯೇ.

ಮೊದಲು ಯಾವುದನ್ನು ಹಿಡಿಯಬೇಕು?

---

ಪಿಪಿಒ ಪುಟ್ಟಣ್ಣ

ಮೊದಲು ಜನ್ಮದಿನಾಂಕ. ಪಿಂಚಣಿಗೂ ಅದು ಬೇಕು, ನಾಳೆ ನೋಂದಣಿ ಕಚೇರಿಯಲ್ಲಿ ಆಧಾರ್ ಕೊಡುವಾಗಲೂ ಬೇಕು. ಮಿಕ್ಕದ್ದೆಲ್ಲ ಅದರ ಬಾಲ ಹಿಡಿದು ಬರುತ್ತದೆ.

ಹೆಚ್ಚುವರಿ ಪಿಂಚಣಿಗೆ ಲೆಕ್ಕಕ್ಕೆ ಬರುವುದು ಸರ್ವಿಸ್ ದಾಖಲೆಯ, ಅಂದರೆ ಪಿಂಚಣಿ ಆದೇಶದ (ಪಿಪಿಒ) ಜನ್ಮದಿನಾಂಕ. ಆಧಾರ್‌ದಲ್ಲ. 80 ತುಂಬಿದರೆ ಮೂಲ ಪಿಂಚಣಿಯ 20%, 85ಕ್ಕೆ 30%, 90ಕ್ಕೆ 40%, 95ಕ್ಕೆ 50%, 100ಕ್ಕೆ 100%. ಒಂದರ ಮೇಲೊಂದು ಸೇರಿಸಿಕೊಂಡು ಹೋಗುವುದಿಲ್ಲ. 85ಕ್ಕೆ 20 ಹೋಗಿ 30 ಬರುತ್ತದೆ. ಹುಟ್ಟಿದ ದಿನ ಯಾವುದೇ ಇರಲಿ, ಆ ತಿಂಗಳ 1ನೇ ತಾರೀಖಿನಿಂದಲೇ ಹಕ್ಕು. ನಿಮ್ಮ ಅತ್ತೆಗೆ 1-6-2026ರಿಂದ 20%, 1-6-2031ರಿಂದ 30%.

ಮೂಲ ಪಿಂಚಣಿ ₹80,000 ಅಂತ ಇಟ್ಟುಕೊಳ್ಳಿ, ಲೆಕ್ಕಕ್ಕೆ ಮಾತ್ರ. ಅದರ 20% ಎಂದರೆ ₹16,000. ಹೆಚ್ಚುವರಿ ಮೊತ್ತದ ಮೇಲೂ ಡಿಆರ್ (ತುಟ್ಟಿ ಪರಿಹಾರ) ಬರುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಡಿಆರ್ 58% ಹಿಡಿದರೆ ತಿಂಗಳಿಗೆ ₹25,280. ಆಧಾರ್ ದಿನಾಂಕವೇ ಎಲ್ಲೋ ನುಸುಳಿ 1948 ಅಂತ ಕೂತರೆ ಹೆಚ್ಚುವರಿ ಶುರುವಾಗುವುದು ಜನವರಿ 2028ಕ್ಕೆ. ನಡುವೆ 19 ತಿಂಗಳು. ಡಿಆರ್ ಏರದಿದ್ದರೂ ₹4,80,320.

20% ಹಾಕುವುದು ಪೂರ್ತಿ ಮೂಲ ಪಿಂಚಣಿಯ ಮೇಲೆ, ಕಮ್ಯುಟೇಷನ್ (ಪಿಂಚಣಿಯ ಒಂದು ಭಾಗವನ್ನು ಮೊದಲೇ ಇಡಿಗಂಟಾಗಿ ಪಡೆದದ್ದು) ಕಳೆದು ಉಳಿದದ್ದರ ಮೇಲೆ ಅಲ್ಲ. ನಿಮ್ಮಲ್ಲಿ ಆ ಪ್ರಶ್ನೆ ಏಳಬಾರದು, 1997ರಲ್ಲಿ ಕಮ್ಯೂಟ್ ಮಾಡಿದ್ದರೆ 15 ವರ್ಷಕ್ಕೆ, 2012ರಲ್ಲೇ ಅದು ಮರಳಿ ಸೇರಿರಬೇಕು. ಆದರೂ ಸ್ಲಿಪ್ಪಿನಲ್ಲಿ ‘ಕಮ್ಯುಟೇಷನ್ ಕಡಿತ’ದ ಸಾಲು ಸೊನ್ನೆ ಇದೆಯೇ ಎಂದು ನೋಡಿಬಿಡಿ. ಸಮಾನ ಶ್ರೇಣಿ ಸಮಾನ ಪಿಂಚಣಿಯ ಪರಿಷ್ಕರಣೆ 1-7-2014, 1-7-2019, 1-7-2024ರಿಂದ ಮೂರು ಸಲ ಆಗಿದೆ. ನರ್ಸಿಂಗ್ ಸರ್ವಿಸ್ ಅಧಿಕಾರಿಗಳಿಗೆ ಪ್ರತ್ಯೇಕ ಕೋಷ್ಟಕ ಇದೆ. ಶ್ರೇಣಿ ಮತ್ತು ಅರ್ಹ ಸೇವೆಯ ವರ್ಷ ಎರಡನ್ನೂ ಹಿಡಿದು ಓದಬೇಕು. ಸಾಮಾನ್ಯ ಅಧಿಕಾರಿಗಳ ಕೋಷ್ಟಕ ನೋಡಿ ‘ನಮಗೆ ಕಮ್ಮಿ ಕೊಟ್ಟಿದ್ದಾರೆ’ ಎಂದು ಅರ್ಜಿ ಬರೆಯುವವರು ಇದ್ದಾರೆ, ಅದು ವ್ಯರ್ಥ.

ತಾನಾಗಿ ಬರುತ್ತದೆಯೇ? ಬರಬೇಕು. ಸ್ಪರ್ಶ್ ಎಂಬ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಲ್ಲಿ ಜನ್ಮದಿನಾಂಕ ಸರಿ ಇದ್ದರೆ ಅರ್ಜಿಯ ಅಗತ್ಯವೇ ಇಲ್ಲ. ಎಡವಟ್ಟಾಗುವುದು ಹಳಬರ ವಿಷಯದಲ್ಲಿ. ಅವರ ಪಿಂಚಣಿ ಮುಂಚೆ ಬ್ಯಾಂಕಿನಿಂದ ಬರುತ್ತಿತ್ತು, ಮಾಹಿತಿ ಸ್ಪರ್ಶ್‌ಗೆ ವರ್ಗವಾಗುವಾಗ ಕೆಲವರ ಜನ್ಮದಿನಾಂಕದ ಜಾಗ ಖಾಲಿ ಉಳಿದಿದೆ, ಕೆಲವರದು ತಪ್ಪಾಗಿದೆ. ಖಾಲಿ ಇದ್ದರೆ ಕಂಪ್ಯೂಟರ್‌ಗೆ ಆಕೆಗೆ ಎಂದೂ 80 ಆಗುವುದಿಲ್ಲ.

ಆದ್ದರಿಂದ ಈಗಲೇ ಸ್ಪರ್ಶ್‌ಗೆ ಲಾಗಿನ್ ಆಗಿ ಪಿಂಚಣಿದಾರರ ವಿವರದ ಪುಟದಲ್ಲಿ ಐದು ತಾಳೆ ನೋಡಿ: ಹೆಸರು, ಜನ್ಮದಿನಾಂಕ, ಶ್ರೇಣಿ, ಅರ್ಹ ಸೇವೆ, ಬ್ಯಾಂಕ್ ಖಾತೆ. ಅಲ್ಲಿ 1946 ಸರಿಯಾಗಿದ್ದರೆ ಸ್ಪರ್ಶ್ ಮುಟ್ಟಬೇಡಿ, ಆಧಾರ್ ತಿದ್ದಿಸಿ. ಅಲ್ಲೇ ತಪ್ಪಿದ್ದರೆ ಮೂಲ ಪಿಪಿಒ ಮತ್ತು ಅಂಕಪಟ್ಟಿ ಸ್ಕ್ಯಾನ್ ಲಗತ್ತಿಸಿ ತಿದ್ದುಪಡಿ ಕೋರಿಕೆ ಹಾಕಿ, ಕೋರಿಕೆ ಸಂಖ್ಯೆ ಬರೆದಿಟ್ಟುಕೊಳ್ಳಿ. ಲಾಗಿನ್ ಆಗದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ಕೇಳಿ. ಸಾಮಾನ್ಯ ಸೇವಾ ಕೇಂದ್ರದಲ್ಲೂ ಆಗುತ್ತದೆ.

ಆಧಾರ್‌ನಲ್ಲಿ ಜನವರಿ 1 ಬಂದಿದೆ ಎಂದರೆ ನೋಂದಣಿ ವೇಳೆ ದಾಖಲೆ ಕೊಡದೆ ವರ್ಷ ಮಾತ್ರ ಬಾಯಲ್ಲಿ ಹೇಳಿರಬೇಕು, ಆಗ ಹಾಗೇ ಕೂರುತ್ತದೆ. ಜನ್ಮದಿನಾಂಕ ತಿದ್ದುಪಡಿಗೆ ಸಾಮಾನ್ಯವಾಗಿ ಒಂದೇ ಅವಕಾಶ. ಅಂಕಪಟ್ಟಿಯ ಅಸಲು ಅಥವಾ ಪಾಸ್‌ಪೋರ್ಟ್ ಒಯ್ಯಿರಿ. ಇನಿಷಿಯಲ್ ಸರಿಪಡಿಸುವುದನ್ನೂ ಅದೇ ದಿನ ಮಾಡಿಸಿ. ಹೆಸರಿಗೆ ಎರಡು ಅವಕಾಶ ಇದೆ. ಪಾನ್ ಕಾರ್ಡಿನ ಹೆಸರನ್ನೂ ನೋಡಿಕೊಂಡೇ ಹೋಗಿ. ಆಧಾರ್, ಪಾನ್ ಎರಡೂ ಪಿಪಿಒ ಹೆಸರಿಗೇ ಬಂದು ಸೇರಬೇಕು, ಪಿಪಿಒ ಅವುಗಳ ಹಿಂದೆ ಹೋಗಬಾರದು.

---

ಸುಬೇದಾರ್ಮನೆ

20% ಸಿಗಲು 80 ತುಂಬಬೇಕಿಲ್ಲ, 79 ಮುಗಿದು 80ಕ್ಕೆ ಬಿದ್ದರೆ ಸಾಕು ಅಂತ ಹೈಕೋರ್ಟ್ ಹೇಳಿದೆ. ಒಂದು ವರ್ಷದ ಬಾಕಿ ಕೇಳಿ.

---

ಪಿಪಿಒ ಪುಟ್ಟಣ್ಣ

ಆ ತೀರ್ಪು ಗುವಾಹಟಿ ಹೈಕೋರ್ಟಿನದು, 2018. ಅದು ಹೈಕೋರ್ಟ್ ನ್ಯಾಯಮೂರ್ತಿಗಳ ಪಿಂಚಣಿಯ ಕಾಯ್ದೆಗೆ ಸಂಬಂಧಿಸಿದ್ದು, ಅಲ್ಲಿಯ ಪದಗಳೇ ಬೇರೆ. ಮಿಕ್ಕ ಪಿಂಚಣಿದಾರರಿಗೆ ಸರ್ಕಾರ 80 ಪೂರ್ಣ ಎಂದೇ ಹಿಡಿಯುತ್ತಿದೆ. ವಾಟ್ಸಾಪಿನಲ್ಲಿ ಸುತ್ತುವ ಅರ್ಜಿ ನಮೂನೆ ಕಳಿಸಿದರೆ ನಷ್ಟವೇನಿಲ್ಲ, ಆದರೆ ಆ ದುಡ್ಡು ನಂಬಿ ಸಾಲ ಮಾಡಬೇಡಿ.

---

ಸೇವಾಕೇಂದ್ರ ಸುಮಾ

ಬೆರಳಚ್ಚಿನ ವಿಷಯ ನಾನು ಹೇಳುತ್ತೇನೆ. ವಯಸ್ಸಾದ ಮೇಲೆ ಬೆರಳ ಗೆರೆ ಸವೆದು ಚಪ್ಪಟೆಯಾಗುತ್ತದೆ, ಚರ್ಮ ಒಣಗುತ್ತದೆ. ಅಡಿಕೆ ಸುಲಿಯುವ ಕೈಗೆ ಇನ್ನೊಂದು ತೊಂದರೆ: ಹಸಿ ಅಡಿಕೆಯ ಚೊಗರು. ಹೆಬ್ಬೆರಳು, ತೋರುಬೆರಳ ತುದಿ ಕಪ್ಪಾಗಿ, ಗೆರೆಗಳ ನಡುವೆ ಚೊಗರು ತುಂಬಿಕೊಂಡು ಒಡೆದಿರುತ್ತದೆ. ಸ್ಕ್ಯಾನರ್ ಗಾಜಿನ ಮೇಲೆ ಇಟ್ಟರೆ ಮಚ್ಚೆಯಂತೆ ಕಾಣುತ್ತದೆಯೇ ಹೊರತು ಗೆರೆ ಕಾಣುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರೆ ಕಪ್ಪು ಸ್ವಲ್ಪ ಬಿಡುತ್ತದೆ, ಆದರೆ ಎಣ್ಣೆ ಕೈಯಲ್ಲೂ ಸ್ಕ್ಯಾನರ್ ಹಿಡಿಯಲ್ಲ, ಸೋಪು ಹಾಕಿ ತೊಳೆದು ಒರೆಸಿ ಬರಬೇಕು. ಉಂಗುರ ಬೆರಳು, ಕಿರುಬೆರಳಿಗೆ ಚೊಗರು ಅಷ್ಟು ತಾಗಿರುವುದಿಲ್ಲ, ಹತ್ತೂ ಬೆರಳು ಆಧಾರ್‌ನಲ್ಲಿ ಇರುವುದರಿಂದ ಅವುಗಳಲ್ಲಿ ನೋಡಬಹುದು.

ಆದರೆ ಇಷ್ಟೆಲ್ಲ ಯಾಕೆ? ಮುಖ ದೃಢೀಕರಣ ಮಾಡಿ. ಆಂಡ್ರಾಯ್ಡ್ ಫೋನ್ ಸಾಕು.

ಎರಡು ಆ್ಯಪ್ ಬೇಕು: ‘ಆಧಾರ್ ಫೇಸ್ ಆರ್‌ಡಿ’ ಮತ್ತು ‘ಜೀವನ್ ಪ್ರಮಾಣ್’. ಮೊದಲನೆಯದನ್ನು ಇನ್‌ಸ್ಟಾಲ್ ಮಾಡಿದ ಮೇಲೆ ಅದು ಪರದೆಯಲ್ಲಿ ಕಾಣಿಸುವುದಿಲ್ಲ, ಹಿಂದೆ ಕೂತು ಕೆಲಸ ಮಾಡುತ್ತದೆ. ‘ಬರಲೇ ಇಲ್ಲ’ ಅಂತ ಮತ್ತೆ ಮತ್ತೆ ಡೌನ್‌ಲೋಡ್ ಮಾಡಬೇಡಿ. ಎರಡನೆಯದರಲ್ಲಿ ಮೊದಲು ಆಪರೇಟರ್ ನೋಂದಣಿ: ಫೋನ್ ಹಿಡಿದವರು ತಮ್ಮ ಆಧಾರ್, ತಮ್ಮ ಮುಖ ಕೊಡಬೇಕು. ಆಮೇಲೆ ಪಿಂಚಣಿದಾರರ ಸರದಿ. ಇಲ್ಲಿ ಗಲಿಬಿಲಿಯಾಗಿ ಇಬ್ಬರ ಮುಖವೂ ಅದಲುಬದಲಾಗುತ್ತದೆ.

ತುಂಬುವಾಗ ಹೆಚ್ಚಾಗಿ ತಪ್ಪುವುದು ಎರಡು ಕಡೆ. ಪಿಂಚಣಿ ವಿತರಿಸುವ ಸಂಸ್ಥೆ ಅಂತ ಕೇಳಿದಾಗ ಹಳೆ ಅಭ್ಯಾಸದಲ್ಲಿ ಬ್ಯಾಂಕಿನ ಹೆಸರು ಒತ್ತುತ್ತಾರೆ. ಈಗ ಅದು ‘ಸ್ಪರ್ಶ್ – ಪಿಸಿಡಿಎ ಪೆನ್ಷನ್ಸ್’ ಆಗಬೇಕು. ಪಿಪಿಒ ಸಂಖ್ಯೆಯ ಜಾಗದಲ್ಲಿ 1997ರ ಹಳೆ ಸಂಖ್ಯೆ ಹಾಕುತ್ತಾರೆ; ಬೇಕಾಗಿರುವುದು ಸ್ಪರ್ಶ್ ಕೊಟ್ಟ ಹೊಸ ಸಂಖ್ಯೆ. ಈ ಎರಡರಲ್ಲಿ ಒಂದು ತಪ್ಪಿದರೂ ಪ್ರಮಾಣಪತ್ರ ಏನೋ ಹುಟ್ಟುತ್ತದೆ, ಮೆಸೇಜೂ ಬರುತ್ತದೆ, ಆದರೆ ಹೋಗಿ ಸೇರಬೇಕಾದ ಕಡೆ ಸೇರುವುದಿಲ್ಲ. ಪಿಂಚಣಿ ನಿಂತಾಗಲೇ ಗೊತ್ತಾಗುವುದು. ಆದ್ದರಿಂದ ಒಂದು ವಾರ ಬಿಟ್ಟು ಸ್ಪರ್ಶ್‌ನಲ್ಲೇ ಮುಂದಿನ ಗುರುತಿನ ದಿನಾಂಕ (ಮತ್ತೆ ಜೀವನ ಪ್ರಮಾಣಪತ್ರ ಕೊಡಬೇಕಾದ ದಿನ) ಒಂದು ವರ್ಷ ಮುಂದಕ್ಕೆ ಹೋಗಿದೆಯೇ ನೋಡಿ. ಹೋಗಿದ್ದರೆ ಮುಗಿಯಿತು.

ಫೋಟೊ ತೆಗೆಯುವಾಗ ಬೆಳಕು ಮುಖಕ್ಕೆ ಬೀಳಬೇಕು, ಬೆನ್ನಿಗೆ ಅಲ್ಲ. ಮಲೆನಾಡಿನ ಮನೆ ಒಳಗೆ ಮಳೆಗಾಲದಲ್ಲಿ ಆಗುವ ಕೆಲಸ ಅಲ್ಲ ಇದು, ಜಗುಲಿಗೆ ಕರೆದುಕೊಂಡು ಬನ್ನಿ. ಕನ್ನಡಕ ತೆಗೆಸಿ, ಕಣ್ಣು ಮಿಟುಕಿಸಲು ಹೇಳಿ. ಮಿಟುಕಿಸದಿದ್ದರೆ ಅದು ಫೋಟೊ ಎಂದು ತಿಳಿದು ತಿರಸ್ಕರಿಸುತ್ತದೆ. ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯಾದವರಿಗೆ ಇಲ್ಲಿ ಸ್ವಲ್ಪ ತಾಳ್ಮೆ ಬೇಕು.

ಫೋನಿನಲ್ಲಿ ಮಾಡಲು ಆಗದಿದ್ದರೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ, ಅಂಚೆ ಪೇಮೆಂಟ್ಸ್ ಬ್ಯಾಂಕಿನ ಸೇವೆ, ₹70. ಎಂಬತ್ತು ದಾಟಿದವರು ನವೆಂಬರ್‌ವರೆಗೆ ಕಾಯಬೇಕಿಲ್ಲ, ಅಕ್ಟೋಬರ್ 1ರಿಂದಲೇ ಮಾಡಬಹುದು. ಕೊನೆಯ ವಾರ ಸರ್ವರ್ ಒದ್ದಾಡುತ್ತದೆ, ನೀವು ಅಕ್ಟೋಬರ್‌ಗೇ ಮುಗಿಸಿ.

ಇನ್ನೊಂದು: ಆಧಾರ್ ತಿದ್ದುಪಡಿ ಬಾಕಿ ಇರುವಾಗ ಇದನ್ನು ಮಾಡಲು ಹೋಗಬೇಡಿ. ತಿದ್ದುಪಡಿ ಒಪ್ಪಿಗೆಯಾಗಿ ಹೊಸ ಆಧಾರ್ ಡೌನ್‌ಲೋಡ್ ಆದ ಮೇಲೆಯೇ.

---

ತೋಟದಾಚೆ

ತುಂಬಾ ಉಪಕಾರ. ಸ್ಪರ್ಶ್‌ನಲ್ಲಿ 1946 ಸರಿಯಾಗಿಯೇ ಇದೆ. ಆದರೆ ಕುಟುಂಬದ ವಿವರದ ಪುಟ ಪೂರ್ತಿ ಖಾಲಿ, ನಾಮಿನಿ ಯಾರೂ ಇಲ್ಲ. ಮದುವೆಯಾಗದವರಿಗೆ ನಾಮಿನಿ ಬೇಕಾ? ಅವರ ನಂತರ ಪಿಂಚಣಿ ತಮ್ಮನಿಗೆ ಬರುತ್ತದಾ?

---

ಪಿಪಿಒ ಪುಟ್ಟಣ್ಣ

ತಮ್ಮನಿಗೆ ಬರುವುದಿಲ್ಲ. ಒಡಹುಟ್ಟಿದವರಲ್ಲಿ ಕುಟುಂಬ ಪಿಂಚಣಿ ಸಿಗುವುದು ಅವಲಂಬಿತರಾದ, ಅಂಗವೈಕಲ್ಯ ಇರುವವರಿಗೆ ಮಾತ್ರ, ಅದೂ ಷರತ್ತಿನ ಮೇಲೆ. ಅಣ್ಣನ ಮಕ್ಕಳು, ತಮ್ಮನ ಮಕ್ಕಳು ಆ ಪಟ್ಟಿಯಲ್ಲೇ ಇಲ್ಲ.

ಆದರೆ ನಾಮಿನಿ ಬೇಕೇ ಬೇಕು. ತೀರಿಕೊಂಡ ದಿನದವರೆಗಿನ ಪಿಂಚಣಿ, ಯಾವುದೋ ಪರಿಷ್ಕರಣೆಯ ಬಾಕಿ ಇವೆಲ್ಲ ‘ಜೀವಿತಾವಧಿ ಬಾಕಿ’. ಕುಟುಂಬ ಪಿಂಚಣಿಗೆ ಅರ್ಹರಿಲ್ಲದವರಿಗೆ ಇದೊಂದೇ ಹಿಂದೆ ಉಳಿಯುವುದು. ನಾಮಿನಿ ಇದ್ದರೆ ಮರಣ ಪ್ರಮಾಣಪತ್ರ ಕೊಟ್ಟು ಪಡೆಯಬಹುದು, ಇಲ್ಲದಿದ್ದರೆ ವಾರಸುದಾರಿಕೆಯ ಕಾಗದ ಹಿಡಿದು ಓಡಾಟ. ಸ್ಪರ್ಶ್‌ನಲ್ಲೇ ನಾಮಿನೇಷನ್ ಹಾಕಿ, ಒಬ್ಬರಿಗಿಂತ ಹೆಚ್ಚಿದ್ದರೆ ಶೇಕಡಾ ಎಷ್ಟೆಷ್ಟು ಎಂದು ಬರೆಯಿರಿ, ಮೊತ್ತ 100 ಆಗಬೇಕು. ಬ್ಯಾಂಕ್ ಖಾತೆಯ ನಾಮಿನೇಷನ್ ಇದಕ್ಕೆ ನಡೆಯುವುದಿಲ್ಲ, ಅದು ಬೇರೆ.

---

ಚೆಕ್ಕುಬಂದಿ

ಜಮೀನಿನ ಮಾತಿಗೆ ಬರೋಣ. ಬೇಸರ ಬೇಡ, ಮೊದಲೇ ಒಂದು ಮಾತು: ಈ ವ್ಯವಹಾರದಲ್ಲಿ ಎದುರುಕಡೆ ಇರುವವರು ನಿಮ್ಮ ತಂದೆ, ಅವರ ನಂತರ ನೀವು. ಅತ್ತೆಯ ಪರವಾಗಿ ಕಾಗದ ನೋಡುವವರು ಬೇರೆ ವಕೀಲರಾಗಿರಲಿ. ‘ಎಲ್ಲ ಮನೆಯವರೇ’ ಅನ್ನುವ ಕಡೆಯೇ ಹಕ್ಕು ಬಿಡುಗಡೆ ಪತ್ರಕ್ಕೆ ಓದದೆ ಸಹಿ ಬೀಳುವುದು.

ಕೇಳಬೇಕಾದ ಮೊದಲ ಪ್ರಶ್ನೆ: ಜಮೀನು ಅಜ್ಜನಿಗೆ ಹೇಗೆ ಬಂತು?

ಅಜ್ಜನ ಸ್ವಯಾರ್ಜಿತವಾದರೆ 1982ರಲ್ಲಿ ಅವರು ಹೋದ ದಿನವೇ ಹೆಂಡತಿ ಮತ್ತು ಮೂವರು ಮಕ್ಕಳಿಗೆ ಸಮಪಾಲು ಬಂದಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಹೆಣ್ಣುಮಕ್ಕಳು ಮೊದಲ ವರ್ಗದ ವಾರಸುದಾರರು, ಯಾವ ತಿದ್ದುಪಡಿಯೂ ಬೇಕಿಲ್ಲ. ಅಜ್ಜಿಯೂ ಉಯಿಲಿಲ್ಲದೆ ಹೋದ ಮೇಲೆ ಅವರ ಕಾಲು ಪಾಲು ಮೂವರಿಗೆ ಹಂಚಿತು.

ಪಿತ್ರಾರ್ಜಿತವಾದರೆ 9-9-2005ರ ತಿದ್ದುಪಡಿ. ಕರ್ನಾಟಕ ಅದಕ್ಕೂ ಮುಂಚೆ 1994ರ ಜುಲೈ 30ರಿಂದಲೇ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತ್ತು, ಆದರೆ ಅಷ್ಟರೊಳಗೆ ಮದುವೆಯಾದವರಿಗೆ ಇಲ್ಲ ಎಂದಿತ್ತು. 2005ರಲ್ಲಿ ಆ ಭೇದ ಹೋಯಿತು, ಹಾಗಾಗಿ ನಿಮ್ಮ ಚಿಕ್ಕತ್ತೆಯೂ ಲೆಕ್ಕದಲ್ಲಿದ್ದಾರೆ. ತಂದೆ 2005ಕ್ಕೆ ಮುಂಚೆ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ ಹೇಳಿದೆ. ಹಕ್ಕು ತಪ್ಪುವುದು ಮುಖ್ಯವಾಗಿ ಒಂದು ಕಡೆ: 20-12-2004ಕ್ಕೆ ಮುಂಚೆ ನೋಂದಾಯಿತ ವಿಭಾಗ ಪತ್ರವೋ ಕೋರ್ಟ್ ಡಿಕ್ರಿಯೋ ಆಗಿದ್ದರೆ.

ನಿಮ್ಮ ಮನೆಯಲ್ಲಿ ಎರಡು ದಾರಿಯಲ್ಲಿ ಹೋದರೂ ಲೆಕ್ಕ ಬಂದು ನಿಲ್ಲುವುದು ಮೂರನೇ ಒಂದಕ್ಕೇ. 4 ಎಕರೆ 20 ಗುಂಟೆ ಎಂದರೆ 180 ಗುಂಟೆ. ತಲಾ 60, ಅಂದರೆ 1 ಎಕರೆ 20 ಗುಂಟೆ. ಗೇಣಿ ಜಮೀನಾಗಿ ಭೂಸುಧಾರಣೆಯಲ್ಲಿ ಫಾರಂ 7 ಹಾಕಿ ಬಂದದ್ದಾದರೆ ಮಾತ್ರ ಆ ಅರ್ಜಿಯ ನಕಲು, ಟ್ರಿಬ್ಯೂನಲ್ ಆದೇಶ, ಫಾರಂ 10 (ಹಕ್ಕುಪತ್ರ) ತೆಗೆಸಿ. ಕುಟುಂಬದ ಪರವಾಗಿ ಬಂದದ್ದೋ ಒಬ್ಬರಿಗೇ ಬಂದದ್ದೋ ಎನ್ನುವ ವಾದ ಅಲ್ಲಿಂದಲೇ ಹುಟ್ಟುವುದು.

ಈಗ ಕಾಗದ. ಪಹಣಿಯ ಕಲಂ 9ರಲ್ಲಿ ಹೆಸರು ನೋಡಿ ಬಿಡಬೇಡಿ, ಕಲಂ 10 ಓದಿ. ಖಾತೆ ಹೇಗೆ ಬಂತು ಎಂದು ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್, ಖಾತೆ ಬದಲಾವಣೆಯ ವಹಿ) ಸಂಖ್ಯೆಯ ಸಮೇತ ಇರುತ್ತದೆ. ‘ಪೌತಿ’ (ತೀರಿಕೊಂಡವರಿಂದ ವಾರಸಾಗಿ ಬಂದದ್ದು) ಎಂದಿದ್ದರೆ ಒಳ್ಳೆಯದು. ‘ವಿಭಾಗ’ ಎಂದಿದ್ದರೆ ಆ ಎಂ.ಆರ್. ವಹಿಯ ನಕಲನ್ನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ತೆಗೆಸಲೇಬೇಕು, ಯಾರ್‍ಯಾರು ಸಹಿ ಹಾಕಿದ್ದಾರೆ ಎಂದು ನೋಡಬೇಕು. ಅಂದಿನ ಪೌತಿಗೆ ಕೊಟ್ಟ ವಂಶವೃಕ್ಷದಲ್ಲಿ ದೂರದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಮಗಳ ಹೆಸರು ಬಿಟ್ಟುಹೋಗಿರುವುದು ಹೊಸದೇನಲ್ಲ. ಕೆಟ್ಟ ಉದ್ದೇಶವೇ ಬೇಕಿಲ್ಲ. ಗ್ರಾಮ ಲೆಕ್ಕಿಗರು ಬಂದಾಗ ಮನೆಯಲ್ಲಿ ಯಾರಿದ್ದರೋ ಅವರ ಹೆಸರು ಬರೆದುಕೊಂಡು ಹೋದರು.

ಪೌತಿ ಖಾತೆ ಒಮ್ಮೆ ಆಗಿ 40 ವರ್ಷ ಕಳೆದಿದೆ. ಅದೇ ಅಜ್ಜನ ಹೆಸರಲ್ಲಿ ಮತ್ತೆ ಪೌತಿ ಆಗುವುದಿಲ್ಲ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ‘ಹೆಸರು ಸೇರಿಸಿ’ ಎಂದರೆ ಸೇರಿಸುವುದಿಲ್ಲ, ನೋಂದಾಯಿತ ಪತ್ರ ಬೇಕು. ತಂದೆ ಒಪ್ಪಿದ್ದಾರೆ ಎಂದಮೇಲೆ ನೇರ ದಾರಿ ಮೂವರೂ ಸೇರಿ ನೋಂದಾಯಿತ ವಿಭಾಗ ಪತ್ರ ಮಾಡುವುದು.

ಕ್ರಮ ಹೀಗೆ. ಮೊದಲು ಈಗಿನ ವಂಶವೃಕ್ಷ, ಮೂವರ ಹೆಸರೂ ಆಧಾರ್‌ನಲ್ಲಿ ಇರುವಂತೆಯೇ. (ಅದಕ್ಕೇ ಪುಟ್ಟಣ್ಣನವರು ಹೇಳಿದ ತಿದ್ದುಪಡಿ ಮುಂಚೆ ಮುಗಿಯಬೇಕು.) ‘ಅಮ್ಮ’ ಸೇರಿದ ಹಳೆಯ ಹೆಸರಿಗೆ ಒಬ್ಬರೇ ವ್ಯಕ್ತಿ ಎಂಬ ಅಫಿಡವಿಟ್ ಮಾಡಿಸಿ, ಅದರಲ್ಲಿ ಪಿಪಿಒ ಹೆಸರು, ಊರಿನ ಹೆಸರು ಎರಡನ್ನೂ ಬರೆಸಿ. ಆಮೇಲೆ ಇಸಿ (ಋಣಭಾರ ಪ್ರಮಾಣಪತ್ರ), ಮತ್ತು ಪಹಣಿಯ ಕಲಂ 11. ಸೊಸೈಟಿಯ ಬೆಳೆಸಾಲದ ಅಡಮಾನ ಅಲ್ಲಿ ಕೂತಿದ್ದರೆ ತೀರಿಸಿ ತೆಗೆಸಬೇಕು, ಇಲ್ಲವೇ ಸೊಸೈಟಿಯ ಒಪ್ಪಿಗೆ ಪತ್ರ ಬೇಕು. ಸರ್ವೆ ನಂಬರ್ ಒಡೆಯುವುದಾದರೆ 11ಇ ನಕ್ಷೆ (ನೋಂದಣಿಗೆ ಮುಂಚಿನ ಅಳತೆ ನಕ್ಷೆ) ಇಲ್ಲದೆ ನೋಂದಣಿ ಮುಂದೆ ಹೋಗುವುದಿಲ್ಲ. ಸರ್ವೆಯರ್ ಬಂದು ಅಳೆಯಬೇಕಾದ್ದರಿಂದ ಎಲ್ಲಕ್ಕಿಂತ ಹೆಚ್ಚು ಕಾಯಿಸುವುದು ಇದೇ. ಅಡಿಕೆ ತೋಟದಲ್ಲಿ ಮಳೆಗಾಲಕ್ಕೆ ಮುಂಚೆ ಅಳತೆ ಮಾಡಿಸಿಕೊಳ್ಳಿ. ನೋಂದಣಿಯಾದ ಮೇಲೆ ಮಾಹಿತಿ ಭೂಮಿ ವ್ಯವಸ್ಥೆಗೆ ಹೋಗಿ ಮ್ಯುಟೇಷನ್ ತೆರೆಯುತ್ತದೆ. ಯಾರಾದರೂ ತಕರಾರು ಹಾಕಿದರೆ ತಹಶೀಲ್ದಾರ್ ಹಂತದ ವಿಚಾರಣೆ, ಅಲ್ಲಿಂದ ಉಪವಿಭಾಗಾಧಿಕಾರಿಗೆ ಮೇಲ್ಮನವಿ.

ತೋಟವನ್ನು ಕಾಗದದ ಮೇಲೆ ಮೂರು ಪಟ್ಟಿ ಎಳೆದು ಹಂಚಿದರೆ ಸಾಲದು. ಬಾವಿ ಯಾರ ಪಾಲಿಗೆ ಬಿತ್ತು? ಪಂಪ್‌ಸೆಟ್ಟಿನ ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆ, ಉಳಿದಿಬ್ಬರಿಗೆ ನೀರು ಬಿಡುವ ಸರದಿ ಹೇಗೆ? ಅಡಿಕೆ ಕೊನೆ ಹೊರುವ ದಾರಿ ಯಾರ ಪಾಲಿನೊಳಗೆ ಹೋಗುತ್ತದೆ, ಎಷ್ಟು ಅಡಿ ಅಗಲ? ಒಣಗಿಸುವ ಅಂಗಳ? ಇವನ್ನೆಲ್ಲ ಷೆಡ್ಯೂಲ್‌ನಲ್ಲಿ ಬರೆಯದೆ ‘ಹಿಂದಿನಿಂದ ಬಂದ ರೂಢಿಯಂತೆ’ ಎಂದು ಒಂದು ಸಾಲು ಹಾಕುವುದೇ ಮುಂದಿನ ದಾವೆಗೆ ಬೀಜ. ಸೊಪ್ಪಿನ ಬೆಟ್ಟ ಇದ್ದರೆ ನೆನಪಿರಲಿ, ಅದು ನಿಮ್ಮ ಖಾತೆ ಜಮೀನಲ್ಲ, ತೋಟಕ್ಕೆ ಅಂಟಿಕೊಂಡು ಬಂದ ಬಳಕೆಯ ಸವಲತ್ತು. ಅದನ್ನು ಎಕರೆ ಲೆಕ್ಕದಲ್ಲಿ ಪಾಲು ಮಾಡಿ ಬರೆದ ಪತ್ರ ನಿಲ್ಲುವುದಿಲ್ಲ. ಸೊಪ್ಪು-ದರಕು ತರುವ ಅನುಕೂಲ ಮೂವರಿಗೂ ಇದೆ ಎಂದಷ್ಟೇ ಬರೆಯಿರಿ.

ಎಂಬತ್ತರ ಹೆಂಗಸು ಪ್ರತ್ಯೇಕ ಹಿಸ್ಸಾ ಮಾಡಿಸಿಕೊಂಡು ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಬಹುದು. ಪಹಣಿಯಲ್ಲಿ ಜಂಟಿ ಹೆಸರಿದ್ದರೆ ಸಾಕು ಎಂದು ಅತ್ತೆಗೇ ಅನ್ನಿಸಿದರೆ ಸರಿ, ಆಗ ಪತ್ರದಲ್ಲಿ ಪಾಲಿನ ಪ್ರಮಾಣ ಮಾತ್ರ ಬರೆಸಿ. ಅದನ್ನು ನಿರ್ಧರಿಸಬೇಕಾದವರು ಅವರು.

---

ರಜಾಚೀಟಿ

ಆಸ್ತಿ ಮಾತಿನ ನಡುವೆ ಒಂದು ವಿಷಯ ಸೇರಿಸುತ್ತೇನೆ, ಯಾಕೆಂದರೆ ‘ಮದುವೆಯಾಗಿಲ್ಲ’ ಎನ್ನುವುದನ್ನು ಊರುಮನೆಯಲ್ಲಿ ಸುಮ್ಮನೆ ಹಟ ಎಂದುಕೊಳ್ಳುತ್ತಾರೆ. ಮಿಲಿಟರಿ ನರ್ಸಿಂಗ್ ಸರ್ವಿಸ್‌ನ 1977ರ 61ನೇ ಸೇನಾ ಸೂಚನೆಯಂತೆ ಮದುವೆಯಾಗುವುದು ಸೇವೆಯಿಂದ ಬಿಡುಗಡೆ ಮಾಡಲು ಒಂದು ಕಾರಣವಾಗಿತ್ತು. ಅದನ್ನು ಹಿಂತೆಗೆದುಕೊಂಡದ್ದು 1995ರಲ್ಲಿ. ಅಧಿಕಾರಿಗೆ ನಿವೃತ್ತಿ ಪಿಂಚಣಿ ಬೇಕಾದರೆ 20 ವರ್ಷದ ಅರ್ಹ ಸೇವೆ ಬೇಕು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ: ಎಂಟನೆಯ ವರ್ಷದಲ್ಲಿ ಮದುವೆಯಾಗಿ ಹೊರಬಿದ್ದವರಿಗೆ ಇಂದು ಪಿಂಚಣಿಯೂ ಇಲ್ಲ, 80ರ ಹೆಚ್ಚುವರಿಯೂ ಇಲ್ಲ.

1988ರಲ್ಲಿ ಮದುವೆಯಾದ ಕಾರಣಕ್ಕೆ ಬಿಡುಗಡೆಯಾದ ಲೆಫ್ಟಿನೆಂಟ್ ಸೆಲಿನಾ ಜಾನ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಅದನ್ನು ಲಿಂಗ ತಾರತಮ್ಯ ಎಂದು ಕರೆದು ₹60 ಲಕ್ಷ ಪರಿಹಾರ ಕೊಡಿಸಿತು. ಆ ಮೊತ್ತ ಅವರ ಪ್ರಕರಣಕ್ಕೆ ಸೀಮಿತ, ಎಲ್ಲರಿಗೂ ಅನ್ವಯಿಸುವ ಯೋಜನೆಯಲ್ಲ. ನಿಮ್ಮ ಅತ್ತೆಯ ಜೊತೆಯವರಲ್ಲಿ ಹಾಗೆ ಹೊರಬಿದ್ದವರಿದ್ದರೆ ಬಿಡುಗಡೆ ಆದೇಶದ ಪ್ರತಿಯೊಂದಿಗೆ ವಕೀಲರನ್ನು ಕಾಣಲಿ.

ಇನ್ನು, ‘ನರ್ಸ್ ತಾನೇ, ಮಿಲಿಟರಿ ಹೇಗೆ’ ಎನ್ನುವವರಿಗೆ: 1888ರ ಮಾರ್ಚ್ 28ರಂದು ಮುಂಬಯಿಗೆ ಬಂದಿಳಿದ ಹತ್ತು ಮಂದಿ ಶುಶ್ರೂಷಕಿಯರಿಂದ ಶುರುವಾದ ಸೇವೆ ಇದು. 1943ರ ಸುಗ್ರೀವಾಜ್ಞೆಯಲ್ಲಿ ಸಶಸ್ತ್ರ ಪಡೆಗಳ ಭಾಗ ಎಂದೇ ರೂಪಿತವಾಗಿದೆ. ಭಾರತದಲ್ಲಿ ಮೇಜರ್ ಜನರಲ್ ಆದ ಮೊದಲ ಮಹಿಳೆ, 1976ರಲ್ಲಿ, ಇದೇ ಸೇವೆಯ ಗರ್ಟ್ರೂಡ್ ಆಲಿಸ್ ರಾಮ್. ಕಚೇರಿಗಳಲ್ಲಿ ಫಾರಂ ತುಂಬುವಾಗ ‘ಆಸ್ಪತ್ರೆ ನೌಕರಿ’ ಎಂದು ಬರೆಸಬೇಡಿ. ಶ್ರೇಣಿ, ಸರ್ವಿಸ್ ಸಂಖ್ಯೆ, ಎಂಎನ್‌ಎಸ್ ಎಂದು ಬರೆಸಿ. ರಾಜ್ಯ ಸರ್ಕಾರದ ನಿವೃತ್ತ ನರ್ಸ್ ಎಂದು ತಿಳಿದು ಕಡತ ಬೇರೆ ಕಡೆ ಹೋಗುವುದು ಹಾಗೆಯೇ.

---

ಲೆಕ್ಕದ ಮೇಷ್ಟ್ರು

ತೆರಿಗೆ, ಚುಟುಕಾಗಿ. ತೋಟದ ಪಾಲು ಅತ್ತೆಯ ಹೆಸರಿಗೆ ಬಂದ ವರ್ಷದಿಂದ ಅಡಿಕೆಯ ಆದಾಯದಲ್ಲಿ ಅವರ ಭಾಗವನ್ನು ಅವರ ರಿಟರ್ನ್‌ನಲ್ಲಿ ತೋರಿಸಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಅದು ₹5,000 ದಾಟಿದರೆ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಹಾಕಬೇಕು. ಮತ್ತು ಪಿಂಚಣಿಯ ಮೇಲಿನ ತೆರಿಗೆ ದರ ಲೆಕ್ಕ ಹಾಕುವಾಗ ಕೃಷಿ ಆದಾಯವನ್ನೂ ಸೇರಿಸಿ ನೋಡುತ್ತಾರೆ, ಆದ್ದರಿಂದ ತೆರಿಗೆ ತುಸು ಏರುತ್ತದೆ. ಎಂಬತ್ತು ದಾಟಿದವರಿಗೆ ₹5 ಲಕ್ಷದವರೆಗೆ ವಿನಾಯಿತಿ ಎನ್ನುವುದು ಹಳೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ ವಯಸ್ಸಿಗೆ ರಿಯಾಯಿತಿ ಇಲ್ಲ. ಎರಡರಲ್ಲೂ ಲೆಕ್ಕ ಹಾಕಿ ಕಡಿಮೆ ಬಂದದ್ದನ್ನು ಆರಿಸಿ. ಹೆಚ್ಚುವರಿ ಪಿಂಚಣಿ ತಡವಾಗಿ ಹಿಂದಿನ ವರ್ಷದ ಬಾಕಿಯೊಂದಿಗೆ ಬಂದರೆ ರಿಟರ್ನ್‌ಗೆ ಮುಂಚೆ ಬಾಕಿಯ ತೆರಿಗೆ ಪರಿಹಾರಕ್ಕೆಂದೇ ಇರುವ ಫಾರಂ ಹಾಕಿ ಪರಿಹಾರ ಕೇಳಿ.

---

ತೋಟದಾಚೆ

ಎಲ್ಲರ ಮಾತನ್ನೂ ಅತ್ತೆಗೆ ಓದಿ ಹೇಳಿದೆ. ಆಧಾರ್ ಕೇಂದ್ರಕ್ಕೆ ಹೋಗುವುದು ನಿರ್ಧಾರವಾಯಿತು. ಜಂಟಿ ಹೆಸರು ಬೇಡವಂತೆ, ತನ್ನ 60 ಗುಂಟೆ ಅಳೆದು ಕಲ್ಲು ಹಾಕಿಸಬೇಕಂತೆ. ಅದನ್ನು ಚಿಕ್ಕತ್ತೆಯ ಮಗಳಿಗೆ ಬರೆಯುವ ಮನಸ್ಸಿದೆ. ಉಯಿಲು ಈಗಲೇ ಬರೆಯಬಹುದೋ, ವಿಭಾಗ ಪತ್ರ ಆಗುವವರೆಗೆ ಕಾಯಬೇಕೋ?

---

ಚೆಕ್ಕುಬಂದಿ

ಕಾಯಬೇಡಿ. ಕುಟುಂಬದ ಆಸ್ತಿಯಲ್ಲಿ ತನಗಿರುವ ಪಾಲನ್ನು ಭಾಗವಾಗುವ ಮುಂಚೆಯೇ ಉಯಿಲಿನಲ್ಲಿ ಬರೆಯಬಹುದು. ‘ಇಂತಿಂಥ ಸರ್ವೆ ನಂಬರುಗಳಲ್ಲಿ ನನಗೆ ಬರುವ ಪಾಲು’ ಎಂದು ಬರೆಸಿ. ವಿಭಾಗವಾದ ಮೇಲೆ ಹಿಸ್ಸಾ ನಂಬರ್ ಹಾಕಿ ಹೊಸದೊಂದು ಬರೆದು ಹಳೆಯದನ್ನು ರದ್ದು ಮಾಡಿ. ಉಯಿಲು ಇಲ್ಲದಿದ್ದರೆ ಮದುವೆಯಾಗದ, ತಂದೆತಾಯಿ ಇಲ್ಲದ ಹೆಂಗಸಿನ ಆಸ್ತಿ ತಂದೆಯ ವಾರಸುದಾರರಿಗೆ ಹೋಗುತ್ತದೆ, ಅಂದರೆ ನಿಮ್ಮ ತಂದೆಗೂ ಚಿಕ್ಕತ್ತೆಗೂ. ಅವರ ಇಚ್ಛೆ ಬೇರೆ ಇರುವುದರಿಂದ ಉಯಿಲು ಬೇಕು.

ಸಾಕ್ಷಿಗಳು ಇಬ್ಬರು, ಇಬ್ಬರೂ ಅತ್ತೆ ಸಹಿ ಹಾಕುವುದನ್ನು ಕಣ್ಣಾರೆ ನೋಡಿರಬೇಕು. ಚಿಕ್ಕತ್ತೆಯ ಮಗಳು, ಅವಳ ಗಂಡ ಸಾಕ್ಷಿ ಹಾಕಬಾರದು. ಅತ್ತೆಗಿಂತ ಚಿಕ್ಕ ವಯಸ್ಸಿನವರು ಸಾಕ್ಷಿಯಾಗಿರಲಿ. ಎಂಬತ್ತರವರ ಉಯಿಲಿಗೆ ಎಂಬತ್ತೆರಡರವರ ಸಾಕ್ಷಿ ಹಾಕಿಸಿ ಆಮೇಲೆ ಹುಡುಕುವುದು ಕಷ್ಟ. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿ. ಕಚೇರಿಗೆ ಬರಲಾಗದಷ್ಟು ಅಶಕ್ತರಾದರೆ ಉಪನೋಂದಣಾಧಿಕಾರಿಯೇ ಮನೆಗೆ ಬರುವ ವ್ಯವಸ್ಥೆ ಇದೆ. ಅಡಿಕೆ ಸುಲಿಯುವವರಿಗೆ ಅದರ ಅಗತ್ಯ ಬೀಳಲಾರದು.

---

ಸೇವಾಕೇಂದ್ರ ಸುಮಾ

ನೋಂದಣಿ ಕಚೇರಿಯಲ್ಲೂ ಹೆಬ್ಬೆರಳ ಗುರುತು ಕೇಳುತ್ತಾರೆ. ಸುಗ್ಗಿ ಮುಗಿದು ಒಂದು ತಿಂಗಳು ಬಿಟ್ಟು ದಿನ ಗೊತ್ತು ಮಾಡಿಕೊಳ್ಳಿ, ಅಷ್ಟರೊಳಗೆ ಚೊಗರು ಬಿಟ್ಟಿರುತ್ತದೆ.